ಅದೃಷ್ಟವೋ ಕೌಶಲವೋ

ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಪಿಟ್ಸ್‌ಬರ್ಗ್ ಎಂಬ ನಗರವಿದೆ. ಒಂದು ಕಾಲದಲ್ಲಿ ಉಕ್ಕಿನ ಕಾರ್ಖಾನೆಗಳಿಂದ ಜಗತ್ಪ್ರಸಿದ್ಧವಾಗಿದ್ದ ಊರು ಅದು. ಅದರ ಮಗ್ಗುಲಲ್ಲಿಯೇ ಕಾರ್ನೆಗಿ ಎಂಬ ಸಣ್ಣ ಪಟ್ಟಣವಿದೆ. ಉಕ್ಕಿನ ಉದ್ಯಮದಿಂದ ಅಪಾರ ಸಂಪತ್ತನ್ನು ಗಳಿಸಿದ ಆಂಡ್ರೂ ಕಾರ್ನೆಗಿಯ ಹೆಸರನ್ನೇ ಆ ಪಟ್ಟಣಕ್ಕೆ ಇಡಲಾಗಿದೆ. 2017ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಒಂದು ವಿಶಾಲವಾದ ಕಟ್ಟಡದಲ್ಲಿ ನೂರಾರು ಜನರು ನೆರೆದಿದ್ದರು. ಸಾಲುಸಾಲಾಗಿ ನಿಲ್ಲಿಸಿದ್ದ ಯಂತ್ರಗಳಿಂದ ಬಣ್ಣಬಣ್ಣದ ದೀಪಗಳು ಮಿನುಗುತ್ತಿದ್ದವು, ಗಂಟೆಗಳು ಮೊಳಗುತ್ತಿದ್ದವು, ಉಕ್ಕಿನ ಗುಂಡುಗಳು ಖಣಖಣನೆ ಸದ್ದು ಮಾಡುತ್ತ ಓಡುತ್ತಿದ್ದವು. ಅಂದು ಅಲ್ಲಿ ನಡೆಯುತ್ತಿದ್ದುದು ಪಿನ್‌ಬಾಲ್ ಎಂಬ ಆಟದ ವಿಶ್ವ ಚಾಂಪಿಯನ್ ಪಂದ್ಯ. ಅನೇಕ ಸುತ್ತುಗಳಾದ ಮೇಲೆ ಅಂತಿಮ ಸುತ್ತಿಗೆ ನಾಲ್ವರು ಮಾತ್ರ ಉಳಿದರು. ಆ ನಾಲ್ವರಲ್ಲಿ ಒಬ್ಬನು ಹದಿಮೂರು ವರ್ಷದ ಬಾಲಕ. ಕೊಲರಾಡೋ ರಾಜ್ಯದಿಂದ ಬಂದಿದ್ದ ಆತನ ಹೆಸರು ಎಶರ್ ಲೆಫ್‌ಕಾಫ್. ಆಟ ಮುಗಿದಾಗ ವಿಶ್ವ ವಿಜೇತನೆಂಬ ಬಿರುದು ಆ ಬಾಲಕನದಾಗಿತ್ತು.

ಹದಿಮೂರರ ಹುಡುಗನೊಬ್ಬನು ಹಿರಿಯರನ್ನು ಸೋಲಿಸಿದನೆಂಬುದೇ ಅಚ್ಚರಿಯ ಮಾತು. ಆದರೆ ಇದಕ್ಕಿಂತ ದೊಡ್ಡ ಅಚ್ಚರಿಯೊಂದು ಈ ಗೆಲುವಿನ ಹಿಂದೆ ಅಡಗಿದೆ. ಇದೇ ಆಟವನ್ನು ಹಿಂದೊಮ್ಮೆ ಜೂಜೆಂದು ಕರೆದು, ಎಳೆಯರನ್ನು ಕೆಡಿಸುವ ಪಿಡುಗೆಂದು ಹಳಿದು, ಅಮೆರಿಕದ ದೊಡ್ಡ ನಗರಗಳಲ್ಲಿ ನಿಷೇಧಿಸಲಾಗಿತ್ತು. “ಇದು ಕೇವಲ ಅದೃಷ್ಟದ ಆಟ, ಇದರಲ್ಲಿ ಮನುಷ್ಯನ ಕೈವಾಡವೇನೂ ಇಲ್ಲ” ಎಂಬುದು ಆಗಿನ ವಾದ. ಆ ವಾದವು ಎಷ್ಟರಮಟ್ಟಿಗೆ ನಿಜವಾಗಿತ್ತು, ಎಲ್ಲಿ ತಪ್ಪಿತು ಎಂಬುದನ್ನು ಅರಿಯಬೇಕಾದರೆ ಆಟದ ಸ್ವರೂಪವನ್ನೂ ಅದರ ಇತಿಹಾಸವನ್ನೂ ತಿಳಿಯಬೇಕು.

ಪಿನ್‌ಬಾಲ್ ಯಂತ್ರವು ನಾಲ್ಕು ಕಾಲುಗಳ ಮೇಲೆ ನಿಂತ, ಗಾಜಿನ ಮುಚ್ಚಳವುಳ್ಳ ಒಂದು ಉದ್ದನೆಯ ಪೆಟ್ಟಿಗೆ. ಅದರೊಳಗಿನ ಹಲಗೆಯು ಸಮತಟ್ಟಾಗಿರುವುದಿಲ್ಲ. ಆಟಗಾರನ ಕಡೆಗೆ ಸುಮಾರು ಆರೂವರೆ ಡಿಗ್ರಿಯಷ್ಟು ಇಳಿಜಾರಾಗಿರುತ್ತದೆ. ಸುಮಾರು 27 ಮಿಲಿಮೀಟರು ವ್ಯಾಸದ, ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡೇ ಇದರ ಚೆಂಡು. ಸ್ಪ್ರಿಂಗಿನ ಹಿಡಿಕೆಯೊಂದನ್ನು ಹಿಂದಕ್ಕೆಳೆದು ಬಿಟ್ಟರೆ ಚೆಂಡು ಮೇಲಕ್ಕೆ ಚಿಮ್ಮುತ್ತದೆ. ಮೇಲೇರಿದ ಚೆಂಡನ್ನು ಗುರುತ್ವಾಕರ್ಷಣೆಯು ಕೆಳಕ್ಕೆಳೆಯುತ್ತದೆ. ಇಳಿಯುವ ದಾರಿಯಲ್ಲಿ ಗೂಟಗಳು, ಗುರಿಹಲಗೆಗಳು, ಏರುದಾರಿಗಳು, ತಗುಲಿದೊಡನೆ ಚೆಂಡನ್ನು ಒದ್ದು ಕಳುಹಿಸುವ ಬಂಪರುಗಳು ಇರುತ್ತವೆ. ಒಂದೊಂದನ್ನು ಮುಟ್ಟಿದಾಗಲೂ ಆಟಗಾರನ ಖಾತೆಗೆ ಅಂಕಗಳು ಸೇರುತ್ತವೆ. ಹಲಗೆಯ ತಳಭಾಗದಲ್ಲಿ ಫ್ಲಿಪ್ಪರ್ ಎಂಬ ಎರಡು ಪುಟ್ಟ ತೋಳುಗಳಿವೆ. ಪೆಟ್ಟಿಗೆಯ ಎರಡು ಪಕ್ಕಗಳಲ್ಲಿರುವ ಗುಂಡಿಗಳನ್ನು ಒತ್ತಿದರೆ ವಿದ್ಯುತ್ಕಾಂತದ ಬಲದಿಂದ ಈ ತೋಳುಗಳು ಮೇಲಕ್ಕೆದ್ದು ಚೆಂಡನ್ನು ಹೊಡೆಯುತ್ತವೆ. ಅವುಗಳ ನಡುವಿನ ಸಂದಿನಲ್ಲಿಯೋ ಅಂಚಿನ ಓಣಿಗಳಲ್ಲಿಯೋ ಚೆಂಡು ಜಾರಿಹೋಯಿತೆಂದರೆ ಆ ಸರದಿ ಮುಗಿದಂತೆ. ಸಾಮಾನ್ಯವಾಗಿ ಒಂದು ಆಟಕ್ಕೆ ಮೂರು ಅಥವಾ ಐದು ಚೆಂಡುಗಳು. ಅಷ್ಟರೊಳಗೆ ಗಳಿಸಿದ ಅಂಕಗಳೇ ಆಟಗಾರನ ಸಾಧನೆ.

ಈ ಆಟದ ಮೂಲವು ಹದಿನೆಂಟನೆಯ ಶತಮಾನದ ಫ್ರಾನ್ಸ್ ದೇಶದಲ್ಲಿದೆ. ಬ್ಯಾಗಟೆಲ್ ಎಂಬ ಹೆಸರಿನ ಆ ಆಟದಲ್ಲಿ ಮೇಜಿನ ಮೇಲೆ ನೆಟ್ಟ ಮೊಳೆಗಳ ನಡುವೆ ಚೆಂಡನ್ನು ಕೋಲಿನಿಂದ ತಳ್ಳಿ ಕುಳಿಗಳಿಗೆ ಬೀಳಿಸುತ್ತಿದ್ದರು. ಅಮೆರಿಕದಲ್ಲಿ ನೆಲೆಸಿದ ಮಾಂಟೇಗ್ ರೆಡ್‌ಗ್ರೇವ್ ಎಂಬ ಆಂಗ್ಲನು 1871ರಲ್ಲಿ ಕೋಲಿನ ಬದಲು ಸ್ಪ್ರಿಂಗಿನ ಹಿಡಿಕೆಯನ್ನು ಅಳವಡಿಸಿ ಅದಕ್ಕೆ ಪೇಟೆಂಟ್ ಹಕ್ಕನ್ನು ಪಡೆದನು. 1931ರಲ್ಲಿ ಡೇವಿಡ್ ಗಾಟ್ಲೀಬ್ ಎಂಬಾತನು ‘ಬ್ಯಾಫಲ್ ಬಾಲ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದನು. ಆಗ ಅಮೆರಿಕವು ಭೀಕರವಾದ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿತ್ತು. ಲಕ್ಷಾಂತರ ಜನರು ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದರು. ಒಂದು ಬಿಡಿಕಾಸನ್ನು ಹಾಕಿದರೆ ಸ್ವಲ್ಪ ಹೊತ್ತಿನ ಮಟ್ಟಿಗಾದರೂ ದುಃಖವನ್ನು ಮರೆಸುವ ಈ ಪೆಟ್ಟಿಗೆಗಳು ಅಂಗಡಿ, ಹೋಟೆಲುಗಳಲ್ಲೆಲ್ಲ ಕಾಣಿಸಿಕೊಂಡವು.

ಆದರೆ ಆಗಿನ ಯಂತ್ರಗಳಲ್ಲಿ ಫ್ಲಿಪ್ಪರುಗಳಿರಲಿಲ್ಲ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಹಿಡಿಕೆಯನ್ನೆಳೆದು ಬಿಟ್ಟ ಮೇಲೆ ಆಟಗಾರನು ಹೆಚ್ಚೆಂದರೆ ಪೆಟ್ಟಿಗೆಯನ್ನು ಸ್ವಲ್ಪ ಅಲುಗಿಸಬಹುದಾಗಿತ್ತು. ಉಳಿದುದೆಲ್ಲವೂ ಚೆಂಡು ಹೋದ ದಾರಿ. ಪಗಡೆಯಲ್ಲಿ ದಾಳವನ್ನು ಉರುಳಿಸುವುದಷ್ಟೇ ಮನುಷ್ಯನ ಪಾಲು, ಬೀಳುವುದು ಅದೃಷ್ಟದ ಪಾಲು ಎನ್ನುವಂತೆ ಇಲ್ಲಿಯೂ ಇತ್ತು. ಅನೇಕ ಕಡೆಗಳಲ್ಲಿ ಗೆದ್ದವರಿಗೆ ಹಣವನ್ನೋ ವಸ್ತುಗಳನ್ನೋ ಕೊಡುವ ಪದ್ಧತಿಯೂ ಬೆಳೆಯಿತು. ಆಟವು ಜೂಜಿನ ಅಂಗಳಕ್ಕೆ ಕಾಲಿಟ್ಟಿತು.

ನ್ಯೂಯಾರ್ಕ್ ನಗರದ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ಜೂಜಿನ ಕಡುವೈರಿ. ಶಾಲೆಯ ಮಕ್ಕಳು ಮಧ್ಯಾಹ್ನದ ಊಟಕ್ಕೆಂದು ಮನೆಯಿಂದ ತಂದ ಚಿಲ್ಲರೆ ಕಾಸನ್ನು ಈ ಯಂತ್ರಗಳು ಕಿತ್ತುಕೊಳ್ಳುತ್ತಿವೆ ಎಂಬುದು ಆತನ ಆರೋಪ. 1942ರ ಜನವರಿಯಲ್ಲಿ ನಗರದಲ್ಲಿ ಪಿನ್‌ಬಾಲ್ ನಿಷಿದ್ಧವಾಯಿತು. ಪೊಲೀಸರು ಅಂಗಡಿ ಅಂಗಡಿಗೆ ನುಗ್ಗಿ ಸಾವಿರಾರು ಯಂತ್ರಗಳನ್ನು ವಶಪಡಿಸಿಕೊಂಡರು. ಅವುಗಳನ್ನು ಸುತ್ತಿಗೆಗಳಿಂದ ಒಡೆದು ಹಾಕಲಾಯಿತು. ಲಾಸ್ ಏಂಜಲೀಸಿನಲ್ಲಿಯೂ, ಈ ಯಂತ್ರಗಳ ತಯಾರಿಕೆಗೆ ತವರೂರಾಗಿದ್ದ ಚಿಕಾಗೋದಲ್ಲಿಯೂ ಇಂಥ ನಿಷೇಧಗಳಿದ್ದವು.

ಇದಾದ ಐದು ವರ್ಷಗಳಲ್ಲಿ ಆಟದ ಸ್ವರೂಪವೇ ಬದಲಾಯಿತು. 1947ರಲ್ಲಿ ಗಾಟ್ಲೀಬ್ ಸಂಸ್ಥೆಯ ಹ್ಯಾರಿ ಮ್ಯಾಬ್ಸ್ ಎಂಬ ವಿನ್ಯಾಸಕನು ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದಲ್ಲಿ ವಿದ್ಯುತ್ತಿನಿಂದ ಚಲಿಸುವ ಆರು ಫ್ಲಿಪ್ಪರುಗಳನ್ನು ಅಳವಡಿಸಿದನು. ಅಂದಿನಿಂದ ಚೆಂಡಿನ ಗತಿಯು ಆಟಗಾರನ ಕೈಗೆ ಬಂದಿತು. ಬೀಳುವ ಚೆಂಡನ್ನು ತಡೆಯಬಹುದು, ಹಿಡಿದು ನಿಲ್ಲಿಸಬಹುದು, ಗುರಿಯಿಟ್ಟು ಹೊಡೆಯಬಹುದು. ಆಟವು ಬದಲಾದರೂ ಕಾನೂನು ಬದಲಾಗಲಿಲ್ಲ. ಫ್ಲಿಪ್ಪರಿಲ್ಲದ ಯಂತ್ರವನ್ನು ನೋಡಿ ಮಾಡಿದ ತೀರ್ಮಾನವು ಫ್ಲಿಪ್ಪರುಳ್ಳ ಯಂತ್ರಕ್ಕೂ ಅನ್ವಯಿಸುತ್ತ ಬಂದಿತು. ನ್ಯೂಯಾರ್ಕಿನಲ್ಲಿ ಅದು ಮೂವತ್ತನಾಲ್ಕು ವರ್ಷಗಳ ಕಾಲ ಹಾಗೆಯೇ ನಿಂತಿತು. ಒಮ್ಮೆ ಅಂಟಿದ ಕೆಟ್ಟ ಹೆಸರು ಬಲುಬೇಗ ಅಳಿಯುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಕೊನೆಗೆ 1976ರಲ್ಲಿ ನ್ಯೂಯಾರ್ಕಿನ ನಗರಸಭೆಯ ಸಮಿತಿಯೊಂದರ ಮುಂದೆ ಈ ಪ್ರಶ್ನೆ ವಿಚಾರಣೆಗೆ ಬಂದಿತು. ಪಿನ್‌ಬಾಲ್ ಕೌಶಲದ ಆಟವೆಂದು ಸಾಬೀತುಪಡಿಸಲು ರೋಜರ್ ಶಾರ್ಪ್ ಎಂಬ ಲೇಖಕರನ್ನು ಕರೆಸಲಾಯಿತು. ಸಭಾಸದನದೊಳಕ್ಕೆ ಎರಡು ಯಂತ್ರಗಳನ್ನು ತರಲಾಗಿತ್ತು. ಒಂದು ಆಡಲು, ಇನ್ನೊಂದು ಅದು ಕೆಟ್ಟರೆ ಉಪಯೋಗಿಸಲು. ಮೊದಲನೆಯದರಲ್ಲಿ ಏನೋ ಮೋಸವಿರಬಹುದೆಂದು ಶಂಕಿಸಿದ ಸದಸ್ಯರೊಬ್ಬರು ಎರಡನೆಯದರಲ್ಲಿಯೇ ಆಡಬೇಕೆಂದು ಪಟ್ಟುಹಿಡಿದರು. ಶಾರ್ಪ್ ಅದಕ್ಕೂ ಒಪ್ಪಿ ಆಡಿದರು. ಫ್ಲಿಪ್ಪರುಗಳಿಂದ ತಾವು ಹೇಳಿದ ಗುರಿಗಳಿಗೆ ಚೆಂಡನ್ನು ಹೊಡೆದು ತೋರಿಸಿದರೂ ಎದುರಿಗಿದ್ದವರ ಸಂಶಯ ನೀಗಲಿಲ್ಲ. ಆಗ ಅವರು ಸ್ಪ್ರಿಂಗಿನ ಹಿಡಿಕೆಯನ್ನು ಹಿಡಿದು, ಈ ಸಲ ಚಿಮ್ಮುವ ಚೆಂಡು ಮೇಲ್ಭಾಗದ ನಡು ಓಣಿಯಲ್ಲಿಯೇ ಇಳಿಯುವುದೆಂದು ಮೊದಲೇ ಘೋಷಿಸಿದರು. ಹಿಡಿಕೆಯನ್ನು ಎಷ್ಟು ಬೇಕೋ ಅಷ್ಟೇ ಎಳೆದು ಬಿಟ್ಟರು. ಚೆಂಡು ಮೇಲೇರಿ, ಅತ್ತಿತ್ತ ತಾಗಿ, ನಡು ಓಣಿಯಲ್ಲಿಯೇ ಇಳಿಯಿತು! ನಿಷೇಧವನ್ನು ತೆಗೆದುಹಾಕಲು ಸಮಿತಿಯು ಸಮ್ಮತಿಸಿತು. ಅದೇ ವರ್ಷ ನಿಷೇಧವು ರದ್ದಾಯಿತು. ಆ ಹೊಡೆತದಲ್ಲಿ ಅದೃಷ್ಟದ ಪಾಲೂ ಇತ್ತೆಂದು ಶಾರ್ಪ್ ಅವರೇ ಮುಂದೆ ಒಪ್ಪಿಕೊಂಡರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಹಾಗಾದರೆ ಈ ಆಟದಲ್ಲಿ ಕೌಶಲವೆಂಬುದು ಎಲ್ಲಿದೆ? ಹೊಸಬನು ಯಂತ್ರದ ಮುಂದೆ ನಿಂತಾಗ ಚೆಂಡು ಹತ್ತಿರ ಬಂದೊಡನೆ ಗಾಬರಿಯಾಗಿ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತುತ್ತಾನೆ. ನುರಿತ ಆಟಗಾರನು ಹಾಗೆ ಮಾಡುವುದಿಲ್ಲ. ಆತನು ಮೊದಲು ಚೆಂಡನ್ನು ಹತೋಟಿಗೆ ತರುತ್ತಾನೆ. ಎತ್ತಿಹಿಡಿದ ಫ್ಲಿಪ್ಪರಿನ ಮಡಿಲಿಗೆ ಚೆಂಡು ಉರುಳಿ ಬಂದು ನಿಲ್ಲುವಂತೆ ನೋಡಿಕೊಳ್ಳುತ್ತಾನೆ. ಅನಂತರ ಗುರಿಯನ್ನು ನಿರ್ಧರಿಸಿ, ಫ್ಲಿಪ್ಪರನ್ನು ಇಳಿಸಿ, ಚೆಂಡು ಅದರ ಮೇಲೆ ಉರುಳುತ್ತಿರುವಾಗ ತಕ್ಕ ಕ್ಷಣದಲ್ಲಿ ಹೊಡೆಯುತ್ತಾನೆ. ಕ್ಷಣದ ಅತ್ಯಲ್ಪ ಭಾಗದಷ್ಟು ಬೇಗನೆ ಒತ್ತಿದರೆ ಚೆಂಡು ಒಂದು ದಿಕ್ಕಿಗೆ, ತಡವಾಗಿ ಒತ್ತಿದರೆ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಕೆಲವೊಮ್ಮೆ ಏನನ್ನೂ ಮಾಡದೆ ಸುಮ್ಮನಿರುವುದೇ ಜಾಣತನ. ಅಲುಗದ ಫ್ಲಿಪ್ಪರಿಗೆ ತಾಗಿದ ಚೆಂಡು ತಾನಾಗಿಯೇ ಪುಟಿದು ಎದುರಿನ ಫ್ಲಿಪ್ಪರಿನ ಮೇಲೆ ಮೆಲ್ಲನೆ ಬಂದು ಕೂರುತ್ತದೆ. ಧಾವಿಸಿ ಬರುವ ಉಕ್ಕಿನ ಗುಂಡಿನೆದುರು ಕೈಯನ್ನು ತಡೆದು ನಿಲ್ಲುವುದಕ್ಕೆ ಎಂಥ ಸಂಯಮ ಬೇಕೆಂಬುದನ್ನು ಆಡಿದವರೇ ಬಲ್ಲರು.

ಇದಲ್ಲದೆ, ಪೆಟ್ಟಿಗೆಯನ್ನು ಹದವರಿತು ಅಲುಗಿಸಿ ಚೆಂಡಿನ ದಾರಿಯನ್ನು ಕೊಂಚ ತಿರುಗಿಸುವುದಕ್ಕೂ ಅವಕಾಶವುಂಟು. ಆದರೆ ಅದಕ್ಕೊಂದು ಮಿತಿಯಿದೆ. ಪೆಟ್ಟಿಗೆಯೊಳಗೆ ಲೋಹದ ಉಂಗುರವೊಂದರ ನಡುವೆ ಲೋಲಕವು ತೂಗುತ್ತಿರುತ್ತದೆ. ಅಲುಗಾಟ ಅತಿಯಾದರೆ ಲೋಲಕವು ಉಂಗುರಕ್ಕೆ ತಾಗಿ ವಿದ್ಯುನ್ಮಂಡಲವು ಪೂರ್ಣಗೊಳ್ಳುತ್ತದೆ; ಫ್ಲಿಪ್ಪರುಗಳು ನಿಶ್ಚಲವಾಗುತ್ತವೆ; ಆ ಚೆಂಡು ಕೈತಪ್ಪುತ್ತದೆ. ಇದನ್ನು ‘ಟಿಲ್ಟ್’ ಎನ್ನುತ್ತಾರೆ. 1930ರ ದಶಕದಲ್ಲಿ ಹ್ಯಾರಿ ವಿಲಿಯಮ್ಸ್ ಎಂಬ ತಯಾರಕನು ಈ ಏರ್ಪಾಟನ್ನು ಆಟಕ್ಕೆ ತಂದನು. ಧೈರ್ಯವಿಲ್ಲದವನು ಚೆಂಡನ್ನು ಉಳಿಸಿಕೊಳ್ಳಲಾರನು. ಕೋಪದಿಂದ ಗುದ್ದುವವನು ಇದ್ದ ಚೆಂಡನ್ನೂ ಕಳೆದುಕೊಳ್ಳುತ್ತಾನೆ.

‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬುದು ನಮ್ಮ ಗಾದೆ. ಪಿನ್‌ಬಾಲಿನಲ್ಲಿ ನೆಲವು ನಿಜವಾಗಿಯೂ ಡೊಂಕು! ಒಂದು ಯಂತ್ರದ ಇಳಿಜಾರು ಇನ್ನೊಂದರಂತಿಲ್ಲ. ಒಂದರ ಫ್ಲಿಪ್ಪರ್ ಬಲವಾಗಿ ಹೊಡೆದರೆ ಮತ್ತೊಂದರದು ಮೆತ್ತಗೆ ಹೊಡೆಯುತ್ತದೆ. ಒಂದರ ಲೋಲಕವು ಅಲ್ಪ ಅಲುಗಾಟಕ್ಕೂ ಎಚ್ಚರಗೊಳ್ಳುತ್ತದೆ. ಸ್ಪರ್ಧೆಯಲ್ಲಿ ಬೇರೆ ಬೇರೆ ದಶಕಗಳಲ್ಲಿ ತಯಾರಾದ ಯಂತ್ರಗಳ ಮೇಲೆ ಆಡಬೇಕಾಗುತ್ತದೆ. ಇದನ್ನೆಲ್ಲ ಒಳ್ಳೆಯ ಆಟಗಾರನು ದೂರುವುದಿಲ್ಲ. ಮೊದಲ ಕೆಲವು ಹೊಡೆತಗಳಲ್ಲಿಯೇ ಆ ಯಂತ್ರದ ಸ್ವಭಾವವನ್ನು ಅರಿತು, ತನ್ನ ಆಟವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾನೆ. ನೆಲದ ಡೊಂಕು ಎಲ್ಲರಿಗೂ ಒಂದೇ. ಅದರ ಮೇಲೆ ಕುಣಿಯಬಲ್ಲವನೇ ಗೆಲ್ಲುವವನು.

ಇಂಥ ಆಟಗಾರರನ್ನು ಒಂದೆಡೆ ಸೇರಿಸಲೆಂದು ವೃತ್ತಿಪರ ಹಾಗೂ ಹವ್ಯಾಸಿ ಪಿನ್‌ಬಾಲ್ ಸಂಘವು ಹುಟ್ಟಿತು. ಒಮ್ಮೆ ಈ ಆಟವನ್ನು ಬಹಿಷ್ಕರಿಸಿದ್ದ ನ್ಯೂಯಾರ್ಕಿನಲ್ಲಿಯೇ 1991ರಲ್ಲಿ ಅದರ ಮೊದಲ ವಿಶ್ವ ಪಂದ್ಯ ನಡೆಯಿತು. ಮುಂದೆ ಸಂಘದ ನೆಲೆಯು ಪಿಟ್ಸ್‌ಬರ್ಗಿನ ಬಳಿಗೆ ಬಂದಿತು. 2004ರಲ್ಲಿ ಬಿರುಗಾಳಿ ಮಳೆಯಿಂದ ಉಕ್ಕಿದ ನೆರೆಯು ಅಲ್ಲಿನ ಇನ್ನೂರಕ್ಕೂ ಹೆಚ್ಚು ಯಂತ್ರಗಳನ್ನು ನಾಶಮಾಡಿತು. ಆದರೂ ಎದೆಗುಂದದೆ ಹೊಸದಾಗಿ ಯಂತ್ರಗಳನ್ನು ಕೂಡಿಸಿ ಪಂದ್ಯಗಳನ್ನು ಮುಂದುವರಿಸಲಾಯಿತು. ರೋಜರ್ ಶಾರ್ಪ್ ಅವರ ಮಕ್ಕಳಾದ ಜಾಶ್ ಮತ್ತು ಜ್ಯಾಕ್ ಇಬ್ಬರೂ ಒಳ್ಳೆಯ ಆಟಗಾರರಾದುದಲ್ಲದೆ, ಜಗತ್ತಿನ ಆಟಗಾರರಿಗೆ ಸ್ಥಾನಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಘದ ಹೊಣೆಯನ್ನು ಹೊತ್ತರು.

ಈ ಪಂದ್ಯದ ಕಣದಲ್ಲಿ ದೇಹಬಲಕ್ಕೆ ಹೆಚ್ಚಿನ ಬೆಲೆಯಿಲ್ಲ. ಎತ್ತರ, ವಯಸ್ಸು, ಮಾತಿನ ಚಾತುರ್ಯ ಇವು ಯಾವುವನ್ನೂ ಉಕ್ಕಿನ ಗುಂಡು ಕೇಳುವುದಿಲ್ಲ. 2016ರಲ್ಲಿ ಇದೇ ವಿಶ್ವ ಪಂದ್ಯವನ್ನು ಗೆದ್ದವರು ಕೆನಡಾ ದೇಶದ ರಾಬರ್ಟ್ ಗಾಗ್ನೋ. ಬಾಲ್ಯದಿಂದಲೂ ಆಟಿಸಂ ಎಂಬ ಸ್ಥಿತಿಯೊಡನೆ ಬೆಳೆದ ಅವರಿಗೆ ಜನರೊಡನೆ ಬೆರೆಯುವುದು ಸುಲಭವಾಗಿರಲಿಲ್ಲ. ಯಂತ್ರದೆದುರು ಅವರ ಏಕಾಗ್ರತೆಗೆ ಸಾಟಿಯಿರಲಿಲ್ಲ. ಅದರ ಮರುವರ್ಷವೇ ಎಶರ್ ಲೆಫ್‌ಕಾಫನ ಸರದಿ ಬಂದಿತು.

ಎಶರನ ತಂದೆಯೂ ಪಿನ್‌ಬಾಲ್ ಸ್ಪರ್ಧೆಗಳಲ್ಲಿ ಭಾಗವಹಿಸುವವರು. ಹೀಗಾಗಿ ಬಾಲಕನಿಗೆ ಆಟದ ಪರಿಚಯ ಎಳವೆಯಲ್ಲಿಯೇ ಆಯಿತು. ಆ ಪಂದ್ಯದಲ್ಲಿ ಕಿರಿಯರಿಗೆಂದೇ ಪ್ರತ್ಯೇಕವಾದ ವಿಭಾಗವೂ ಇತ್ತು. ಆದರೆ ವಿಶ್ವ ವಿಜೇತನ ಬಿರುದು ಇದ್ದುದು ಎಲ್ಲ ವಯಸ್ಸಿನವರಿಗೂ ತೆರೆದಿದ್ದ ಮೊದಲ ದರ್ಜೆಯ ವಿಭಾಗದಲ್ಲಿ. ಆತನು ಹುಟ್ಟುವ ಮೊದಲಿನಿಂದಲೂ ಆಡುತ್ತಿದ್ದ ಅನುಭವಿಗಳು ಅಲ್ಲಿದ್ದರು. ಕಿರಿಯನೆಂಬ ಕಾರಣಕ್ಕೆ ಒಂದು ಅಂಕದ ರಿಯಾಯಿತಿಯೂ ಅಲ್ಲಿ ಸಿಗುವಂತಿರಲಿಲ್ಲ. ಅಂತಿಮ ಸುತ್ತಿನಲ್ಲಿ ನಾಲ್ವರೂ ಒಂದೇ ಯಂತ್ರದ ಮೇಲೆ ಸರದಿಯಂತೆ ಆಡುತ್ತಾರೆ. ತನ್ನ ಚೆಂಡು ಹೋದ ಮೇಲೆ ಆಟಗಾರನು ಬದಿಗೆ ಸರಿದು, ಎದುರಾಳಿಯ ಅಂಕಗಳು ಏರುತ್ತಿರುವುದನ್ನು ನೋಡುತ್ತ ನಿಲ್ಲಬೇಕು. ಆಗ ಆತನು ಮಾಡಬಹುದಾದುದು ಏನೂ ಇಲ್ಲ. ಮತ್ತೆ ತನ್ನ ಸರದಿ ಬಂದಾಗ ಕೈ ನಡುಗದಂತೆ, ಹಿಂದಿನ ತಪ್ಪನ್ನು ನೆನೆಯದಂತೆ, ಮುಂದಿನ ಚೆಂಡಿನ ಮೇಲೆ ಮನಸ್ಸನ್ನಿಡಬೇಕು. ದೊಡ್ಡವರಿಗೂ ಕಷ್ಟವಾದ ಈ ಪರೀಕ್ಷೆಯಲ್ಲಿ ಹದಿಮೂರರ ಬಾಲಕನು ತೇರ್ಗಡೆಯಾದನು. ಆ ವಿಶ್ವ ಪಂದ್ಯದ ಇತಿಹಾಸದಲ್ಲಿಯೇ ಅತ್ಯಂತ ಕಿರಿಯ ವಿಜೇತನೆಂಬ ಕೀರ್ತಿ ಆತನಿಗೆ ಸಂದಿತು. ಅದು ಒಂದು ದಿನದ ಮಿಂಚಾಗಿರಲಿಲ್ಲ. ಮುಂದಿನ ವರ್ಷಗಳಲ್ಲಿಯೂ ಆತನು ಜಗತ್ತಿನ ಅಗ್ರಶ್ರೇಣಿಯ ಆಟಗಾರರ ಸಾಲಿನಲ್ಲಿ ಉಳಿದನು.

ಈಗ ಹಳೆಯ ಪ್ರಶ್ನೆಗೆ ಮರಳಬಹುದು. ಪಿನ್‌ಬಾಲ್ ಅದೃಷ್ಟದ ಆಟವೋ, ಕೌಶಲದ ಆಟವೋ? ಅದೃಷ್ಟ ಅದರಲ್ಲಿ ಇಲ್ಲವೆಂದು ಹೇಳಲಾಗದು. ಎಂಥ ನಿಪುಣನ ಚೆಂಡೂ ಒಮ್ಮೊಮ್ಮೆ ಯಾವ ತಪ್ಪೂ ಇಲ್ಲದೆ ನೇರವಾಗಿ ನಡುಸಂದಿಗೆ ಜಾರುತ್ತದೆ. ಒಂದು ಚೆಂಡಿನ ಮಟ್ಟಿಗೆ ಅದೃಷ್ಟವು ಯಾರನ್ನು ಬೇಕಾದರೂ ಎತ್ತಬಹುದು, ಯಾರನ್ನು ಬೇಕಾದರೂ ಕೆಡವಬಹುದು. ಆದರೆ ಹಲವು ದಿನಗಳ ಕಾಲ, ಹಲವು ಯಂತ್ರಗಳ ಮೇಲೆ, ಹಲವು ಎದುರಾಳಿಗಳ ಮುಂದೆ ಆಡುತ್ತ ಹೋದಂತೆ ಅದೃಷ್ಟದ ಏರಿಳಿತಗಳು ಪರಸ್ಪರ ಸರಿದೂಗುತ್ತವೆ. ಉಳಿಯುವುದು ಅಭ್ಯಾಸದ ಬಲ. ಆದುದರಿಂದಲೇ ಪಂದ್ಯಗಳಲ್ಲಿ ಒಂದೇ ಆಟದಿಂದ ಗೆಲುವನ್ನು ನಿರ್ಣಯಿಸುವುದಿಲ್ಲ.

ಮೇಯರ್ ಲಾ ಗಾರ್ಡಿಯಾನ ಕಾಳಜಿಯನ್ನು ಕೇವಲ ಹುರುಳಿಲ್ಲದ್ದೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಮಕ್ಕಳ ಊಟದ ಕಾಸು ಜೂಜಿನ ಪಾಲಾಗಬಾರದೆಂಬ ಮಾತಿನಲ್ಲಿ ಸತ್ಯವಿತ್ತು. ಹಣದಾಸೆಯಿಂದ ಆಡಿದಾಗ ಎಂಥ ಆಟವೂ ಜೂಜಾಗುತ್ತದೆ. ಧರ್ಮರಾಯನು ರಾಜ್ಯವನ್ನೇ ಪಣವಾಗಿಟ್ಟು ಆಡಿದ ಆಟದ ಕಥೆ ಯಾರಿಗೆ ತಿಳಿಯದು? ತಪ್ಪಾದುದು ಕಾಳಜಿಯಲ್ಲಿ ಅಲ್ಲ, ಒಮ್ಮೆ ಮಾಡಿದ ತೀರ್ಮಾನವನ್ನು ಮತ್ತೆ ಪರೀಕ್ಷಿಸದೆ ಉಳಿಸಿಕೊಂಡು ಬಂದುದರಲ್ಲಿ. ಯಾವ ಎಳೆಯರನ್ನು ಕಾಪಾಡಬೇಕೆಂದು ಯಂತ್ರಗಳನ್ನು ಸುತ್ತಿಗೆಯಿಂದ ಒಡೆದರೋ, ಆ ಎಳೆಯರಲ್ಲಿಯೇ ಒಬ್ಬನು ಎಪ್ಪತ್ತೈದು ವರ್ಷಗಳ ಅನಂತರ ಅದೇ ಬಗೆಯ ಯಂತ್ರದ ಮುಂದೆ ನಿಂತು, ತಾಳ್ಮೆ, ಸಂಯಮ, ಏಕಾಗ್ರತೆಗಳೆಂದರೇನೆಂಬುದನ್ನು ಹಿರಿಯರಿಗೆ ತೋರಿಸಿಕೊಟ್ಟನು.

ಬದುಕಿನ ಹಲಗೆಯೂ ಸಮತಟ್ಟಾದುದಲ್ಲ. ಯಾವ ಚೆಂಡು ಯಾವ ದಿಕ್ಕಿನಿಂದ ಬರುವುದೆಂದು ಯಾರೂ ಮುಂಗಾಣಲಾರರು. ಬಂದ ಚೆಂಡನ್ನು ಗಾಬರಿಗೊಳ್ಳದೆ ಹಿಡಿದು ನಿಲ್ಲಿಸಿ, ಗುರಿಯನ್ನು ನೋಡಿ ಹೊಡೆಯುವ ವಿದ್ಯೆ ಮಾತ್ರ ಮನುಷ್ಯನ ಕೈಯಲ್ಲಿದೆ. ಆ ವಿದ್ಯೆಯನ್ನು ಕಲಿಯಲು ಹದಿಮೂರು ವರ್ಷ ತೀರ ಚಿಕ್ಕ ವಯಸ್ಸೇನೂ ಅಲ್ಲ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಎಶರ್ ಲೆಫ್‌ಕಾಫನು ಯಾವ ವರ್ಷ ವಿಶ್ವ ಪಂದ್ಯವನ್ನು ಗೆದ್ದನು?
2. ಸ್ಪ್ರಿಂಗಿನ ಹಿಡಿಕೆಗೆ ಪೇಟೆಂಟ್ ಪಡೆದವರು ಯಾರು?
3. ‘ಟಿಲ್ಟ್’ ಎಂದರೇನು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ನ್ಯೂಯಾರ್ಕ್ ನಗರದಲ್ಲಿ ಪಿನ್‌ಬಾಲನ್ನು ಏಕೆ ನಿಷೇಧಿಸಲಾಯಿತು?
2. 1947ರಲ್ಲಿ ಆಟದ ಸ್ವರೂಪವು ಹೇಗೆ ಬದಲಾಯಿತು?
3. ರೋಜರ್ ಶಾರ್ಪ್ ಅವರು ನಗರಸಭೆಯ ಸಮಿತಿಯ ಮುಂದೆ ಏನನ್ನು ಮಾಡಿ ತೋರಿಸಿದರು?

ಇ) ‘ಕುಣಿಯಲಾರದವಳು ನೆಲ ಡೊಂಕು ಎಂದಳು’ – ಈ ಗಾದೆಯನ್ನು ಪಾಠದ ಹಿನ್ನೆಲೆಯಲ್ಲಿ ವಿವರಿಸಿರಿ.

ಈ) ನಿಮ್ಮ ಊರಿನ ಆಟಗಳಲ್ಲಿ ಅದೃಷ್ಟವೇ ಹೆಚ್ಚಾಗಿರುವ ಒಂದನ್ನೂ, ಕೌಶಲವೇ ಹೆಚ್ಚಾಗಿರುವ ಒಂದನ್ನೂ ಆರಿಸಿಕೊಂಡು ಅವುಗಳನ್ನು ಹೋಲಿಸಿ ಬರೆಯಿರಿ.